ಸೆಟ್ಟೇ ಬರ್ತದರಿ

ಪಂಢರಿಯ ಸಿಟ್ಟಿಗೆ ಕಾರಣವಾದ ವಸ್ತು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ. ಅವನ ಕಾರಿನಲ್ಲಿ, ಡ್ರೈವರ್ ಬಾಗಿಲಿನ ಒಳಮೈಗೆ, ಕಿಟಕಿಯ ಗಾಜುಗಳನ್ನು ಏರಿಸಿ ಇಳಿಸುವ ಕರಿ ಗುಂಡಿಗಳ ಒಂದು ಸಾಲಿತ್ತು. ಅದರಲ್ಲಿ ಅವನ ಪಕ್ಕದ ಕಿಟಕಿಯ ಗುಂಡಿ ಸವೆದುಹೋಗಿತ್ತು. ಒತ್ತಿದರೆ ಗಾಜು ಇಳಿಯುತ್ತಿತ್ತು. ಮೇಲಕ್ಕೆ ಎತ್ತಿದರೆ ಮಾತ್ರ ಟಿಕ್ ಎಂದು ಸುಮ್ಮನಾಗುತ್ತಿತ್ತು. ಹೀಗಾಗಿ ಹೋದ ಬುಧವಾರ ಇಳಿದ ಗಾಜು ಇಳಿದೇ ಇತ್ತು, ಬೀದರಿನ ಕೆಂಪು ಧೂಳೆಲ್ಲ ಸೀಟಿನ ಮೇಲೆ ಬಂದು ಕೂತಿತ್ತು.

ಪಂಢರಿ ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾವುದು ಯಾವಾಗ ಹೊರಡಬೇಕು ಎಂದು ಮೈಕಿನಲ್ಲಿ ಹೇಳುವವನು ಅವನೇ. ದಿನವಿಡೀ ಅಷ್ಟು ಬಸ್ಸುಗಳನ್ನು ಅಂಕೆಯಲ್ಲಿಟ್ಟವನಿಗೆ ಒಂದು ಗುಂಡಿ ಹೇಳಿದ ಮಾತು ಕೇಳುವುದಿಲ್ಲವೆಂದರೆ ಹೇಗಿರಬೇಡ? ಬೀದರಿನ ಬಿಡಿಭಾಗಗಳ ಅಂಗಡಿಗೆ ಹೋಗಿ ಕೇಳಿದ. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಬಿಡಿ ಬರಂಗಿಲ್ರಿ. ಸೆಟ್ಟೇ ಬರ್ತದ.”

“ಸೆಟ್ ಅಂದ್ರ?”

“ಎಲ್ಲಾ ಬಟನ್ ಕೂಡಿ ಒಂದೇ ಪೀಸ್ ರಿ. ಆರ್ಡರ್ ಹಾಕ್ಲಿ?”

ಅವನು ಹೇಳಿದ ರೇಟು ಕೇಳಿ ಪಂಢರಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಮರುಗಳಿಗೆಗೆ ಎದ್ದ. “ಏನ್ ಮಾತ್ರಿ ಇದು? ಅಂಗಿದು ಒಂದು ಗುಂಡಿ ಕಿತ್ತಿತಂದ್ರ ಹೊಸ ಅಂಗಿ ಹೊಲಸ್ತಾರೇನು? ಒಂದು ಹಲ್ಲು ನೋಯ್ತದಂದ್ರ ಡಾಕ್ಟರ್ ಬತ್ತೀಸ್ ಹಲ್ಲೂ ಕಿತ್ತಿ ಕೈಗೆ ಕೊಡ್ತಾನೇನು?”

“ಹಲ್ಲಿನ ಡಾಕ್ಟರ್ ಬಾಜೂಕ ಕೂಡ್ತಾರ್ರಿ,” ಎಂದ ಅಂಗಡಿಯವನು.

ಆ ಮಾತು ಪಂಢರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಇದು ಹಗಲು ದರೋಡೆ, ಇದಕ್ಕೆ ತಲೆಬಾಗುವವನು ನಾನಲ್ಲ, ಮನೆಯಲ್ಲೇ ಕೂತು ರಿಪೇರಿ ಮಾಡುತ್ತೇನೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತ ಬಂದ. ಹೇಳುವುದರಲ್ಲಿಯೇ ವಾರ ಮುಗಿದು, ಡಾಬಕಾಕ್ಕೆ ಹೋಗಬೇಕಾದ ಭಾನುವಾರ ಬಂದೇ ಬಿಟ್ಟಿತು.

ಡಾಬಕಾದಲ್ಲಿ ಅಂದು ತೊಟ್ಟಿಲ ಕಾರ್ಯಕ್ರಮ. ಪಂಢರಿಯ ಹೆಂಡತಿ ವಿಶಾಖಾಳ ತಮ್ಮ ಸಂಘಪಾಲನಿಗೆ ಹೆಣ್ಣುಮಗುವಾಗಿತ್ತು. ಸಂಘಪಾಲ ಔರಾದದಲ್ಲಿ ನೌಕರಿ ಮಾಡುತ್ತಿದ್ದ, ಅವನ ಹೆಂಡತಿಯ ತವರು ಡಾಬಕಾ. ಬಾಣಂತನ ಅಲ್ಲಿಯೇ, ಹೆಸರಿಡುವುದೂ ಅಲ್ಲಿಯೇ. ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ವಿಶಾಖಾಳದು. ಹೆಸರನ್ನು ಅವಳು ಗಂಡನಿಗೂ ಹೇಳದೆ ಮನಸ್ಸಿನಲ್ಲೇ ಬಚ್ಚಿಟ್ಟುಕೊಂಡಿದ್ದಳು. ಜತೆಗೆ ಮಗುವಿಗೆಂದು ಒಂದು ಜೊತೆ ಬೆಳ್ಳಿಯ ಕಾಲುಗಡಗ ಮಾಡಿಸಿದ್ದಳು. ಒಂದೊಂದಕ್ಕೂ ಒಂದೊಂದು ಪುಟ್ಟ ಗೆಜ್ಜೆ ನೇತಾಡುತ್ತಿತ್ತು.

ಬಸ್ಸಿಗೆ ಹೋಗಬಹುದಿತ್ತು. ಆದರೆ ಸಂಘಪಾಲನ ಮದುವೆಗೆ ಬಸ್ಸಿನಲ್ಲಿ ಹೋಗಿ ಇಳಿದಾಗ ಅವನ ಅತ್ತೆ ಗಿರಿಜಾಬಾಯಿ ನಾಲ್ಕು ಜನರೆದುರು, “ಬರ್ರಿ ಬರ್ರಿ, ಕಂಟ್ರೋಲರ್ ಬೀಗರಿಗೇನು, ಪುಕ್ಕಟೆ ಪಾಸು,” ಎಂದಿದ್ದಳು. ಅಂದು ತಿಂದ ಲಾಡು ಪಂಢರಿಗೆ ಇಂದಿಗೂ ಕರಗಿರಲಿಲ್ಲ. ಕಾರು ಕೊಂಡದ್ದೇ ಆ ಮಾತಿಗೆ ಜವಾಬು ಕೊಡಲಿಕ್ಕೆ. “ಎ.ಸಿ. ಗಾಡಿ ತರ್ತೇನ್ರಿ ಬೀಗರ, ನಿಮಗ ಒಂದು ರೌಂಡ್ ಹೊಡಸ್ತೇನಿ,” ಎಂದು ಫೋನಿನಲ್ಲಿ ಹೇಳಿಯೂ ಆಗಿತ್ತು. ಮೇ ತಿಂಗಳ ಬಿಸಿಲಲ್ಲಿ ಗಾಜು ಏರದ ಕಾರಿನೊಳಗೆ ಎಂಥ ಎ.ಸಿ.? ಗಿರಿಜಾಬಾಯಿ ಅದಕ್ಕೆ ಏನನ್ನಬಹುದು ಎಂದು ನೆನೆದೇ ಅವನಿಗೆ ಬೆವರು ಬಂತು.

ಆದ್ದರಿಂದ ಭಾನುವಾರ ಬೆಳಗಾಗುತ್ತಲೇ ಅವನು ಉಪ್ಪಿಟ್ಟು ತಿನ್ನುವ ಚಮಚದಿಂದ ಗುಂಡಿಗಳ ಪಟ್ಟಿಯನ್ನು ಮೀಟಿ ತೆಗೆದ. ಅದು ಬರುವಾಗ ಟಪ್ ಎಂದಿತು. ಆ ಟಪ್ ಸದ್ದಿಗೇ ಕಾಯುತ್ತಿದ್ದವರಂತೆ ಎದುರು ಮನೆಯ ಶಿವರಾಜಪ್ಪ ಗೇಟು ತೆರೆದರು, ಪಕ್ಕದ ಮನೆಯ ಗೌಸೋದ್ದೀನ ಮಾಸ್ತರು ಚಹಾದ ಬಸಿ ಹಿಡಿದುಕೊಂಡೇ ಬಂದರು.

ಶಿವರಾಜಪ್ಪನವರದು ಕಿರಾಣಿ ಅಂಗಡಿ. ಹೆಗಲ ಮೇಲೆ ಯಾವಾಗಲೂ ಮಡಿ ಶಲ್ಯ, ಬಾಯಲ್ಲಿ ಯಾವಾಗಲೂ ಉಪದೇಶ. ಗೌಸೋದ್ದೀನರು ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮನುಷ್ಯನ ಮೂಗಿನ ಹೊರತು ಬೇರೇನನ್ನೂ ಅವರು ರಿಪೇರಿ ಮಾಡಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ, ಅದೂ ಕಾಗದದ ಮೇಲೆ.

“ಇದೇನ್ರೀ ಪಂಢರಿ, ಗಾಡಿ ಹೊಟ್ಟಿ ಕೊಯ್ದೀರಿ?” ಎಂದರು ಶಿವರಾಜಪ್ಪ. “ಸೆಟ್ ಹಾಕಿಸಿಬಿಡಬೇಕಿತ್ತು, ಎಷ್ಟ ಆದಾವು?”

“ಸೆಟ್ ಅನಬ್ಯಾಡ್ರಿ ನನ್ನ ಮುಂದ!” ಪಂಢರಿ ಚಮಚ ಎತ್ತಿ ಗುಡುಗಿದ. “ಆ ಶಬ್ದ ಕೇಳಿದ್ರ ನನ್ನ ನೆತ್ತಿಗೆ ಏರ್ತದ. ಒಂದು ಗುಂಡಿ ಸವಿದಿದ್ದಕ್ಕ ಚಲೋ ಇದ್ದ ಗುಂಡಿ ಯಾಕ ಬಿಸಾಕಬೇಕ್ರಿ? ಅವು ಏನು ತಪ್ಪು ಮಾಡ್ಯಾವ?”

ಶಿವರಾಜಪ್ಪ ಶಲ್ಯ ಸರಿಮಾಡಿಕೊಂಡರು, ಮಾಸ್ತರು ಬಸಿಯನ್ನು ತುಟಿಗೆ ಹಚ್ಚಿದರು. ಪಂಢರಿ ಗೆದ್ದ ಹುಮ್ಮಸ್ಸಿನಲ್ಲಿ ಪಟ್ಟಿಯ ತಿರುಪುಗಳನ್ನು ಬಿಚ್ಚಿದ. ಒಳಗಿದ್ದ ತಾಮ್ರದ ಸಣ್ಣ ಸಣ್ಣ ಪಟ್ಟಿಗಳು ಬಿಡುಗಡೆಯಾದ ಸಂತೋಷಕ್ಕೆ ಪಟಪಟ ಹಾರಿ ಅಂಗಳದ ತುಂಬ ಬಿದ್ದವು. ಮೂವರೂ ಕುಕ್ಕರಗಾಲಲ್ಲಿ ಕೂತು ಆರಿಸಿದರು. ಯಾವುದು ಯಾವ ಗುಂಡಿಯದು ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಸವೆದದ್ದು ಯಾವುದೆಂದು ಕಣ್ಣಿಗೆ ಕಾಣುತ್ತಿತ್ತು. ಅದರ ತುದಿಯಲ್ಲಿ ಕರಂಟು ಮುಟ್ಟುವ ಚುಕ್ಕೆ ಕರ್ರಗೆ ಸುಟ್ಟು ಗುಳಿ ಬಿದ್ದಿತ್ತು. ಪಾಲಿಶ್ ಕಾಗದದಿಂದ ತಿಕ್ಕಿ, ಗುಳಿ ತುಂಬಲಿಕ್ಕೆ ಚಪಾತಿ ಸುತ್ತುವ ಬೆಳ್ಳಿ ಬಣ್ಣದ ಹಾಳೆಯ ಚೂರನ್ನು ಮಡಚಿ ಇಟ್ಟು, ಎಲ್ಲವನ್ನೂ ಅಂದಾಜಿನ ಮೇಲೆ ಕೂಡಿಸಿ ಪಂಢರಿ ಗುಂಡಿ ಎತ್ತಿದ.

ಅವನ ಗಾಜು ಏರಲಿಲ್ಲ. ಅವನ ಹಿಂದಿನ ಗಾಜು ಏರಿತು. ಆ ಕಿಟಕಿಯಲ್ಲಿ ತಲೆ ತೂರಿಸಿ, “ಹಂಗಲ್ರಿ, ಹಿಂಗ,” ಎಂದು ಹೇಳುತ್ತಿದ್ದ ಶಿವರಾಜಪ್ಪ ತಲೆಯನ್ನೇನೋ ಸರಕ್ಕನೆ ಎಳೆದುಕೊಂಡರು. ಶಲ್ಯ ಎಳೆದುಕೊಳ್ಳಲಾಗಲಿಲ್ಲ. ಅದರ ಒಂದು ತುದಿ ಗಾಜಿನ ನೆತ್ತಿಯಲ್ಲಿ ಬಿಗಿಯಾಗಿ ಸಿಕ್ಕಿತು. ಅದೇ ಗಳಿಗೆಗೆ ಬೆಳ್ಳಿ ಬಣ್ಣದ ಹಾಳೆ ಚುರ್ ಎಂದು ಸುಟ್ಟು ಒಂದೆಳೆ ಹೊಗೆ ಬಂತು. ಆಮೇಲೆ ಯಾವ ಗುಂಡಿಗೂ ಯಾವ ಗಾಜೂ ಅಲುಗಲಿಲ್ಲ.

“ಶಲ್ಯ ಬಿಟ್ಟು ಬರ್ರಿ ಕಾಕಾ,” ಎಂದ ಪಂಢರಿ.

“ಹ್ಯಾಂಗ ಬಿಡ್ಲೋ? ಅಳಿಯ ಕೊಟ್ಟಿದ್ದು! ನೀ ಹರಿದಿಟ್ಟಿ ಅಂದ್ರ?”

ಹೀಗೆ ಶಿವರಾಜಪ್ಪ ಕಾರಿಗೆ ಕಟ್ಟಿಹಾಕಿದ ಎಮ್ಮೆಯಂತೆ ಅಲ್ಲೇ ನಿಂತರು. ಮೊದಲಾದರೆ ಅಂಗಡಿ ತೆಗೆಯಲಿಕ್ಕಾದರೂ ಹೋಗುತ್ತಿದ್ದರು, ಈಗ ಉಪದೇಶ ಬಿಟ್ಟರೆ ಅವರಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಪಂಢರಿಯ ಸಿಟ್ಟು ಅಂಗಡಿಯವನ ಮೇಲಿಂದ ಜಾರಿ ಕಂಪನಿಯವರ ಮೇಲೆ, ಅಲ್ಲಿಂದ ಕಾರು ಮಾರಿದವನ ಮೇಲೆ, ಅಲ್ಲಿಂದ ಗಾಜನ್ನು ಕಂಡುಹಿಡಿದವನ ಮೇಲೆ ಹೋಗಿ ನಿಂತಿತು.

ಆಗ ಸಂಘಪಾಲನ ಫೋನು ಬಂತು. “ಭಾವಾ, ಹೊಂಟೀರಿಲ್ಲ? ಊಟದಕಿಂತ ಮೊದಲು ಹೆಸರಿಡಬೇಕಂತ ನಮ್ಮತ್ತಿ ಕುಂತಾಳ. ಅಕ್ಕ ಬರ್ಲಿಲ್ಲಂದ್ರ ನಮ್ಮ ಕಾಕಾನ ಮಗಳು ಶಶಿಕಲಾ ಇಲ್ಲೇ ಇದ್ದಾಳ, ಆಕೀನೂ ಕೂಸಿಗೆ ಸೋದರತ್ತೀನೇ ಅಲ್ಲೇನು, ಆಕೀ ಕಡಿಂದೇ ಇಡಿಸಿಬಿಡೂಣು ಅಂತಾಳ.”

ಒಳಗೆ ಹೆರಳು ಹಾಕಿಕೊಳ್ಳುತ್ತಿದ್ದ ವಿಶಾಖಾಳ ಕಿವಿಗೆ ಇದು ಬಿತ್ತು. “ಏನ್ರೀ, ಶಶಿಕಲಾ ನನ್ನ ತಮ್ಮನ ಮಗಳಿಗೆ ಹೆಸರಿಟ್ಟಳಂದ್ರ ನಾ ನಿಮ್ಮ ಮನ್ಯಾಗ ಒಲಿ ಹಚ್ಚಂಗಿಲ್ಲ. ಹೇಳಿಟ್ಟೇನಿ!” ಎಂದು ಅಲ್ಲಿಂದಲೇ ಕೂಗಿದಳು. ಹೇಳಿದಂತೆ ಮಾಡುವ ಹೆಂಗಸು ಅವಳು, ಪಂಢರಿಗೆ ಗೊತ್ತು.

ಗೌಸೋದ್ದೀನ ಮಾಸ್ತರು ಬಸಿಯಲ್ಲಿದ್ದ ಕಡೆಯ ಗುಟುಕು ಕುಡಿದು ಗಂಟಲು ಸರಿಮಾಡಿಕೊಂಡರು. “ಪಂಢರಿಭಾಯ್, ಸುಟ್ಟಿದ್ದು ಯಾಕ? ಅದು ನಕಲಿ ಚಾಂದಿ. ಅಸಲಿ ಚಾಂದಿ ಹಾಕ್ರಿ. ನಮ್ಮ ಅಬ್ಬಾಜಾನರ ರೇಡಿಯೋದಾಗ ಚಾಂದಿ ಇತ್ತು, ಅವರು ಹೋದ್ರು, ರೇಡಿಯೋ ಹೋಗ್ಲಿಲ್ಲ. ಎಳ್ಳಷ್ಟು ಚಾಂದಿ ಸಾಕು.”

ಎಳ್ಳಷ್ಟು ಬೆಳ್ಳಿ! ಪಂಢರಿಯ ಕಣ್ಣು ತಾನಾಗಿಯೇ ಮನೆಯ ಕಿಟಕಿಯೊಳಗಿಂದ ಕಾಣುವ ಗೋಡೆಯ ಮಾಡದ ಕಡೆ ಹೋಯಿತು. ಗುಲಾಬಿ ಕಾಗದದಲ್ಲಿ ಸುತ್ತಿದ ಕಾಲುಗಡಗಗಳು ಅಲ್ಲಿದ್ದವು.

ಅವನು ಕಳ್ಳನಲ್ಲ. ಗೆಜ್ಜೆಯನ್ನು ಮುಟ್ಟಬೇಕೆಂಬ ಯೋಚನೆಯೂ ಅವನಿಗಿರಲಿಲ್ಲ. ಗೆಜ್ಜೆಯನ್ನು ಕಡಗಕ್ಕೆ ತಗುಲಿಸಿದ್ದ ಕೊಂಡಿಯ ಬಾಲ ಒಂದಿಷ್ಟು ಉದ್ದವಾಗಿ ಹೊರಗೆ ಚಾಚಿತ್ತು. ಅಕ್ಕಸಾಲಿಗ ಕತ್ತರಿಸಲು ಮರೆತದ್ದನ್ನು ತಾನು ಕತ್ತರಿಸಿದರೆ ಅದು ಉಪಕಾರವೇ ಅಲ್ಲವೆ? ಹೀಗೆಂದುಕೊಂಡು ಒಂದು ಕಡಗ ತಂದು, ಕಾರಿನ ಸೀಟಿನಲ್ಲಿ ಕೂತು, ಉಗುರು ಕತ್ತರಿಸುವ ಯಂತ್ರದಿಂದ ಬಾಲವನ್ನು ಕಚ್ಚಿಸಿದ. ಕಟಕ್ ಎಂದಿತು. ಬಾಲದ ಜತೆಗೆ ಇಡೀ ಕೊಂಡಿಯೇ ಬಿಚ್ಚಿ ಅಂಗೈಗೆ ಬಂತು. ಗೆಜ್ಜೆ ಮಾತ್ರ ಒಂದು ಸಲ ಜಿಗಿದು, ಕಿಟಕಿಯ ಅಂಚಿನ ಮೇಲೆ ಕುಣಿದು, ರಬ್ಬರು ಹರಿದಿದ್ದ ಸಂದಿಯಲ್ಲಿ ನುಸುಳಿ ಬಾಗಿಲಿನ ಹೊಟ್ಟೆಯೊಳಗೆ ಇಳಿಯಿತು. ಘಲ್.

“ಏನದು ಸಪ್ಪಳ?” ಎಂದರು ಹಿಂದೆ ಕಟ್ಟಿಸಿಕೊಂಡಿದ್ದ ಶಿವರಾಜಪ್ಪ.

“ಏನಿಲ್ರಿ, ತಿರುಪು,” ಎಂದ ಪಂಢರಿ.

ಆದರೆ ಬೆಳ್ಳಿ ಬೆಳ್ಳಿಯೇ. ಕೊಂಡಿಯನ್ನು ಜಜ್ಜಿ, ಗುಳಿಯಲ್ಲಿ ಕೂರಿಸಿ, ಪಟ್ಟಿಗಳನ್ನು ಅದಲುಬದಲು ಮಾಡಿ ಕೂಡಿಸಿದ್ದೇ ತಡ, ಹಿಂದಿನ ಗಾಜು ಇಳಿದು ಶಿವರಾಜಪ್ಪನವರ ಶಲ್ಯ ಬಿಟ್ಟುಕೊಟ್ಟಿತು, ಮುಂದಿನ ಗಾಜು ಬೆಣ್ಣೆಯಲ್ಲಿ ಜಾರಿದ ಹಾಗೆ ಮೇಲೇರಿತು. ಇಳಿಸಿದ, ಏರಿಸಿದ, ಮತ್ತೆ ಇಳಿಸಿ ಏರಿಸಿದ. “ನೋಡ್ರಿ! ಸೆಟ್ ಅಂತ ಸೆಟ್! ಕರೀರಿ ಆ ಅಂಗಡಿಯವಗ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಗೌಸೋದ್ದೀನ ಮಾಸ್ತರು ತಮ್ಮದೇ ಕೆಲಸವೆಂಬಂತೆ ತಲೆದೂಗಿದರು. ಶಿವರಾಜಪ್ಪ ಶಲ್ಯವನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತ ಮನೆಗೆ ಹೋದರು. ಪಂಢರಿ ಕಡಗವನ್ನು ಗುಲಾಬಿ ಕಾಗದದಲ್ಲಿ ಮೊದಲಿನಂತೆಯೇ ಸುತ್ತಿಟ್ಟ. ಕೂಸು ಇನ್ನೂ ನಡೆಯುವುದಿಲ್ಲ, ಒಂದು ಕಾಲಲ್ಲಿ ಗೆಜ್ಜೆ ಇಲ್ಲದಿದ್ದರೆ ಯಾರಿಗೆ ತಿಳಿಯುತ್ತದೆ, ಮುಂದಿನ ವಾರ ಗುಟ್ಟಾಗಿ ಹಚ್ಚಿಸಿಕೊಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ಬೀದರ ದಾಟುವವರೆಗೆ ರಸ್ತೆ ನುಣುಪಾಗಿತ್ತು, ಎ.ಸಿ. ತಣ್ಣಗಿತ್ತು, ವಿಶಾಖಾಳ ಮುಖವೂ ಅರಳಿತ್ತು. ಔರಾದದ ಕಡೆಗೆ ಮೊದಲ ತಗ್ಗು ಬಂದಾಗ ಬಾಗಿಲು ಘಲ್ ಎಂದಿತು.

“ಗೆಜ್ಜಿ ಸಪ್ಪಳ ಬಂತಲ್ರಿ?”

“ಎತ್ತು ಹೊಂಟಾವ ಬಾಜೂಕ.”

ವಿಶಾಖಾ ಅತ್ತ ಇತ್ತ ನೋಡಿದಳು. ಎತ್ತಿರಲಿ, ಸುತ್ತ ಒಂದು ಆಡೂ ಇರಲಿಲ್ಲ. ಮುಂದಿನ ತಗ್ಗಿಗೆ ಮತ್ತೆ ಘಲ್ ಘಲ್. ಪಂಢರಿ ಹಾಡು ಹಚ್ಚಿ ದನಿ ಏರಿಸಿದ. ಹಾಡಿನ ತಾಳಕ್ಕೂ ರಸ್ತೆಯ ತಗ್ಗಿಗೂ ಹೊಂದಾಣಿಕೆ ಇರಲಿಲ್ಲ. “ಈ ರಸ್ತಾ ಮಾಡಿದವರಿಗೆ ನಾಚಿಕಿ ಬರಬೇಕು,” ಎಂದು ಅವನು ಸಿಟ್ಟಿನಿಂದ ಹೇಳಿದ. ಆ ಸಿಟ್ಟು ಮಾತ್ರ ಖರೆ ಇತ್ತು.

ಡಾಬಕಾ ಮುಟ್ಟಿದಾಗ ಚಪ್ಪರದಲ್ಲಿ ಬುದ್ಧವಂದನೆ ಮುಗಿದಿತ್ತು, ಶಶಿಕಲಾ ತೊಟ್ಟಿಲ ಹತ್ತಿರ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ವಿಶಾಖಾ ಕಾರಿನಿಂದ ಜಿಗಿದು ಓಡಿ ಆ ಜಾಗ ಹಿಡಿದಳು. ಪಂಢರಿ ಬಾಗಿಲನ್ನು ಬಡಿಯದೆ, ಮಲಗಿದ ಕೂಸಿನ ಮೇಲೆ ಹೊದಿಕೆ ಎಳೆದಂತೆ ಮೆತ್ತಗೆ ಒತ್ತಿ ಮುಚ್ಚಿದ.

ಆ ಸೀಮೆಯಲ್ಲಿ ಹೆಸರಿಡುವುದೆಂದರೆ ಅತ್ತೆಯ ಬೆನ್ನಿಗೆ ಪರೀಕ್ಷೆ. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಹೇಳಬೇಕು. ಅವಳು ಕುರ್ರ್ ಎಂದಾಗಲೆಲ್ಲ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ವಿಶಾಖಾ ಬಗ್ಗಿದಳು. “ಕುರ್ರ್! ಆಮ್ರಪಾಲಿ. ಕುರ್ರ್! ಆಮ್ರಪಾಲಿ.” ಗುದ್ದುಗಳು ಬಿದ್ದವು. ಶಶಿಕಲಾಳ ಗುದ್ದಿನಲ್ಲಿ ನಗುವಿಗಿಂತ ಬಲ ಹೆಚ್ಚಿತ್ತು. ಆದರೂ ವಿಶಾಖಾ ಎದ್ದು ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು, ಅದು ಗುದ್ದಿನದಲ್ಲ.

ಆಮೇಲೆ ಉಡುಗೊರೆ. ಗಿರಿಜಾಬಾಯಿ ಗುಲಾಬಿ ಕಾಗದ ಬಿಚ್ಚಿ ಒಂದು ಕಡಗವನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಘಲ್. ಇನ್ನೊಂದನ್ನು ಅಲ್ಲಾಡಿಸಿದಳು. ಏನೂ ಇಲ್ಲ. ತಿರುಗಿಸಿ ನೋಡಿದಳು.

“ಬೀಗತಿ, ಇದೊಂದು ಮೂಕ ಅದಲ್ಲ? ಒಂದೇ ಗೆಜ್ಜಿ ಹಾಕೋ ಪದ್ಧತಿ ಬಂದದೇನು ಬೀದರದಾಗ?”

ಚಪ್ಪರದಲ್ಲಿ ನಗು ಎದ್ದಿತು. ವಿಶಾಖಾಳ ಮುಖ ಕೆಂಪಾಯಿತು. “ನಿನ್ನೆ ಇತ್ರಿ! ಎರಡಕ್ಕೂ ಇತ್ತು! ಆ ಅಕ್ಕಸಾಲಿಗ ಬೆಸಿಗಿ ಬರೋಬರಿ ಹಾಕಿಲ್ಲ ಕಾಣ್ತದ, ಎಲ್ಲೋ ಬಿದ್ದದ.”

ಇಲ್ಲಿ ಪಂಢರಿ ಸುಮ್ಮನಿದ್ದರೆ ಸಾಕಿತ್ತು. ಆದರೆ ಬೆಳಗಿನಿಂದ ಸಿಟ್ಟು ಮಾಡಿ ಮಾಡಿ ಅವನ ಬಾಯಿಗೆ ಅದೇ ರೂಢಿಯಾಗಿತ್ತು. ಬಸ್ ನಿಲ್ದಾಣದ ಮೈಕಿನ ದನಿ ತಾನಾಗಿಯೇ ಹೊರಬಿತ್ತು. “ಎಲ್ಲಾರೂ ಮೋಸಗಾರರೇ ಬಿಡ್ರಿ! ಗುಂಡಿ ಮಾರವ ಮೋಸಗಾರ, ಗೆಜ್ಜಿ ಮಾಡವ ಮೋಸಗಾರ! ಸಣ್ಣ ಕೂಸಿನ ಕಾಲಿಂದು ಬೆಳ್ಳಿ ಹೊಡಿಯೋದಂದ್ರ ಅವರಿಗೆ ಮನಸರ ಹ್ಯಾಂಗ ಬರ್ತದರಿ?” ಜನ ತಲೆದೂಗಿದರು. ಯಾರೋ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆ ಹೊತ್ತಿಗೆ ಸಂಘಪಾಲ ಹೊರಗೆ ನೆಂಟರಿಗೆ ಕಾರು ತೋರಿಸುತ್ತಿದ್ದ. ಗಾಜು ಇಳಿಸಿ ತೋರಿಸಿದ, ಏರಿಸಿ ತೋರಿಸಿದ, ಮತ್ತೆ ಇಳಿಸಿ, ಹೆಮ್ಮೆಯಿಂದ ಬಾಗಿಲನ್ನು ಎಳೆದು ಬಡಿದ.

ಘಲ್.

ತೊಟ್ಟಿಲಲ್ಲಿ ಅಳುತ್ತಿದ್ದ ಆಮ್ರಪಾಲಿ ಥಟ್ಟನೆ ಸುಮ್ಮನಾದಳು. ಸಂಘಪಾಲ ಅಚ್ಚರಿಯಿಂದ ಇನ್ನೊಮ್ಮೆ ಬಡಿದ. ಘಲ್. ಚಪ್ಪರದಲ್ಲಿದ್ದವರೆಲ್ಲ ಕಾರಿನ ಕಡೆ ತಿರುಗಿದರು. ಗಿರಿಜಾಬಾಯಿ ಎದ್ದು, ಗೆಜ್ಜೆಯಿದ್ದ ಕಡಗ ಹಿಡಿದು ಕಾರಿನ ತನಕ ನಡೆದಳು. ಎಡಗೈಯಲ್ಲಿ ಕಡಗ ಅಲ್ಲಾಡಿಸಿದಳು, ಘಲ್. ಬಲಗೈಯಲ್ಲಿ ಬಾಗಿಲು ಬಡಿದಳು, ಘಲ್. ಅನುಮಾನ ಉಳಿಯಬಾರದೆಂದು ತನ್ನ ಬಲವನ್ನೆಲ್ಲ ಹಾಕಿ ಮತ್ತೆ ಮತ್ತೆ ಬಡಿದಳು.

“ಬೀಗರ,” ಎಂದಳು ಕಡೆಗೆ, “ಇದರ ಜೋಡಿ ಗಾಡಿ ಕಾಲಿಗೆ ಹಾಕೀರಲ್ಲ?”

ಪಂಢರಿ ಗುಂಡಿಯ ಕತೆ ಹೇಳಿದ, ಚಾಂದಿಯ ಕತೆ ಹೇಳಿದ, ಗೌಸೋದ್ದೀನರ ಅಬ್ಬಾಜಾನರ ರೇಡಿಯೋ ಕತೆಯನ್ನೂ ಹೇಳಿದ. ಯಾವುದೂ ಯಾರ ಮುಖವನ್ನೂ ಸಡಿಲಿಸಲಿಲ್ಲ. ವಿಶಾಖಾ ಅವನ ಕಡೆ ನೋಡುವುದನ್ನೇ ಬಿಟ್ಟಿದ್ದಳು.

“ಒಂದು ಗೆಜ್ಜಿ ಅಲ್ರಿ ಬೀಗರ,” ಎಂದು ಅವನು ಕೈ ಮುಗಿದ. “ನಾಳೀಗೇ ಒಂದು ಗೆಜ್ಜಿ ಮಾಡ್ಸಿ, ಇದಕ್ಕ ಹಚ್ಚಿಸಿ ಕೊಡ್ತೇನಿ.”

ಗಿರಿಜಾಬಾಯಿ ಎರಡೂ ಕಡಗಗಳನ್ನು ಗುಲಾಬಿ ಕಾಗದದಲ್ಲಿ ಸುತ್ತಿ ಅವನ ಅಂಗಿಯ ಕಿಸೆಯಲ್ಲಿಟ್ಟಳು.

“ಬ್ಯಾಡ್ರಿ. ಕಿತ್ತಿ ಹಚ್ಚಿದ್ದು ನಮ್ಮಲ್ಲಿ ಕೂಸಿಗೆ ಹಾಕಂಗಿಲ್ಲ. ಬಿಡಿ ನಡ್ಯಂಗಿಲ್ರಿ.” ಕಿಸೆಯನ್ನು ಮೆಲ್ಲಗೆ ತಟ್ಟಿ ಹೇಳಿದಳು, “ಸೆಟ್ಟೇ ಹೊಸದು ತರಬೇಕು.”

ಪಂಢರಿಯ ನೆತ್ತಿಗೆ ರಕ್ತ ಏರಿತು. ಚಲೋ ಇದ್ದ ಕಡಗ ಏನು ತಪ್ಪು ಮಾಡಿದೆ ಎಂದು ಕೇಳಲು ಬಾಯಿ ತೆರೆದ. ಹೆಂಡತಿಯ ಮುಖ ಕಂಡಿತು. ಬಾಯಿ ಮುಚ್ಚಿದ. ಬೆಳ್ಳಿಯ ಆ ಒಂದು ಜೊತೆಯ ಬೆಲೆಗೆ ಗುಂಡಿಗಳ ಸೆಟ್ಟು ಎಷ್ಟು ಬರಬಹುದೆಂದು ಲೆಕ್ಕ ಹಾಕುವ ಧೈರ್ಯವೂ ಅವನಿಗಾಗಲಿಲ್ಲ.

ಊಟ ಮುಗಿಯಿತು. ಗಿರಿಜಾಬಾಯಿಯನ್ನು ರೌಂಡ್ ಹೊಡೆಸುವ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೊರಡುವಾಗ ಎಲ್ಲರೂ ಕಳಿಸಲು ಬಾಗಿಲಿಗೆ ಬಂದರು. ವಿಶಾಖಾ ಪಕ್ಕದ ಸೀಟಿನಲ್ಲಿ ಕೂತಳು. ಇಷ್ಟೆಲ್ಲ ಆದರೂ ರಿಪೇರಿಯಂತೂ ಗಟ್ಟಿ ಇದೆ, ಅದನ್ನಾದರೂ ನಾಲ್ಕು ಜನ ನೋಡಲಿ ಎಂದು ಪಂಢರಿ ಎ.ಸಿ. ಹಚ್ಚಿ, ಠೀವಿಯಿಂದ ಗುಂಡಿ ಎತ್ತಿದ. ಗಾಜು ಸರಾಗವಾಗಿ ಅರ್ಧದ ತನಕ ಏರಿತು. ಗಿರಿಜಾಬಾಯಿ ಅಷ್ಟು ಸಲ ಬಡಿದ ಮೇಲೆ ಬಾಗಿಲೊಳಗಿನ ಗೆಜ್ಜೆ ತನಗೊಂದು ಹೊಸ ಜಾಗ ಹುಡುಕಿಕೊಂಡಿತ್ತು.

“ಕುರ್ರ್,” ಎಂದಿತು ಬಾಗಿಲು. ಗಾಜು ನಿಂತಿತು.

ಪಂಢರಿ ಗಾಬರಿಯಿಂದ ಬಗ್ಗಿ ಬಾಗಿಲಿಗೆ ಕಿವಿ ಹಚ್ಚಿ, ಮತ್ತೊಮ್ಮೆ ಗುಂಡಿ ಎತ್ತಿದ.

“ಕುರ್ರ್ರ್.”

ಬಗ್ಗಿದ ಬೆನ್ನು ಕಣ್ಣೆದುರಿಗೇ ಇತ್ತು. ವಿಶಾಖಾ ಬಳೆ ಹಿಂದಕ್ಕೆ ಸರಿಸಿ, ಮುಷ್ಟಿ ಕಟ್ಟಿ, ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಒಂದು ಗುದ್ದು ಗುದ್ದಿದಳು.

ಅರ್ಧ ಏರಿದ ಗಾಜಿನ ಮೇಲಿಂದ ಗಿರಿಜಾಬಾಯಿ ಒಳಗೆ ಇಣುಕಿದಳು.

“ಹೆಸರು ಏನಿಟ್ರಿ, ಬೀಗರ?”